ಎರಡು ತಿಂಗಳ ದಾಸ್ತಾನು: ಸಿ ಜೀವಸತ್ವ, ಬರ ಮತ್ತು ದೇಹ

ಸಿ ಜೀವಸತ್ವವನ್ನು ಮನುಷ್ಯನ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಬಹುಕಾಲ ಕೂಡಿಡಲಾರದು, ಮಿತಿಮೀರಿ ಬಂದದ್ದನ್ನು ಇಟ್ಟುಕೊಳ್ಳಲೂ ಆರದು. ಪೂರ್ತಿ ತುಂಬಿದ ದೇಹದಲ್ಲಿ ಅದರ ಒಟ್ಟು ಮೊತ್ತ ಸುಮಾರು 1,500 ಮಿಲಿಗ್ರಾಂ, ಅಂದರೆ ಒಂದೂವರೆ ಗ್ರಾಂ. ಹೊರಗಿನ ಪೂರೈಕೆ ನಿಂತ ದಿನದಿಂದ ಇದ್ದುದರಲ್ಲಿ ದಿನಕ್ಕೆ ಶೇಕಡ 3ರಷ್ಟು ಕರಗುತ್ತ ಹೋಗುತ್ತದೆ. ಮೊತ್ತ 300 ಮಿಲಿಗ್ರಾಂಗಿಂತ ಕೆಳಗಿಳಿದಾಗ ಒಸಡು ಊದಿ ರಕ್ತ ಒಸರುತ್ತದೆ, ಚರ್ಮದ ಮೇಲೆ ರೋಮದ ಬುಡದಲ್ಲಿ ಕೆಂಪು ಚುಕ್ಕೆಗಳೇಳುತ್ತವೆ, ಕೀಲು ನೋಯುತ್ತದೆ, ಗಾಯ ಮಾಯುವುದಿಲ್ಲ. ಇದೇ ಸ್ಕರ್ವಿ. ಈ ಲೆಕ್ಕ ಕೈಗೆ ಸಿಕ್ಕಿದ್ದು 1970ರ ಆಸುಪಾಸಿನಲ್ಲಿ. ಅದರ ಫಲವನ್ನು ಜನ ಉಂಡದ್ದು ಮಾತ್ರ ಅದಕ್ಕೂ ಶತಮಾನಗಳ ಮೊದಲಿನಿಂದ, ಹಡಗುಗಳಲ್ಲಿ, ಮುತ್ತಿಗೆಗೆ ಸಿಕ್ಕಿದ ಕೋಟೆಗಳಲ್ಲಿ, ಬರಗಾಲದ ಗಂಜಿಕೇಂದ್ರಗಳಲ್ಲಿ. ಇಂದಿನ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸಮುದ್ರಕ್ಕೆ ದೂರವಾದ ಸೀಮೆಗಳು. ಇಲ್ಲಿ ಈ ಚರಿತ್ರೆ ಹಾದುಬಂದದ್ದು ಬರದ ದಾರಿಯಿಂದ.

ಕೊರತೆಯ ಮೂಲ ಮನುಷ್ಯನ ಚರಿತ್ರೆಗಿಂತಲೂ ಬಹಳ ಹಿಂದಿನದು. ಬಹುಪಾಲು ಸಸ್ತನಿಗಳು ತಮ್ಮ ಪಿತ್ತಜನಕಾಂಗದಲ್ಲಿ ಗ್ಲೂಕೋಸಿನಿಂದಲೇ ಈ ಜೀವಸತ್ವವನ್ನು ಮಾಡಿಕೊಳ್ಳುತ್ತವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಬೇಸಿಗೆಯ ಒಣಹುಲ್ಲು ಮೇಯುವ ಕೊಂಡುಕುರಿಗೆ, ಊರ ಬಯಲಿನ ಮೇಕೆಗೆ, ಗಾಡಿಯ ಎತ್ತಿಗೆ ಸ್ಕರ್ವಿ ಬರುವ ಮಾತೇ ಇಲ್ಲ. ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಒಂದು ಕಿಣ್ವ ಮಾತ್ರ ಮನುಷ್ಯ, ಕೋತಿ, ಗಿನಿ ಇಲಿ ಮತ್ತು ಹಲವು ಬಾವಲಿಗಳಲ್ಲಿ ಇಲ್ಲ. ಕೋತಿಗಳ ಮತ್ತು ಮನುಷ್ಯನ ಸಮಾನ ಪೂರ್ವಜರಲ್ಲಿ ಸುಮಾರು ಆರು ಕೋಟಿ ವರ್ಷಗಳ ಹಿಂದೆ ಆ ಕಿಣ್ವದ ವಂಶವಾಹಿ ಕೆಟ್ಟಿತು. ಕೆಟ್ಟ ವಂಶವಾಹಿಯ ಅವಶೇಷ ಇಂದಿಗೂ ಮನುಷ್ಯನ ವರ್ಣತಂತುವಿನಲ್ಲಿ ಬಿದ್ದಿದೆ. ಹಕ್ಕಿಗಳಲ್ಲೂ ಕೆಲವು ಇದೇ ಸಾಲಿನವು. ಕಲ್ಕತ್ತದ ಬಿ. ಸಿ. ಗುಹ ಮತ್ತು ಆರ್. ಎನ್. ರಾಯ್ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರ್ನಾಟಕದ ಪ್ರತಿ ಹಿತ್ತಲಲ್ಲೂ ಕಾಣುವ ಪಿಕಳಾರವೂ ತಯಾರಿಸಲಾರದ ಹಕ್ಕಿಗಳ ಗುಂಪಿಗೆ ಸೇರಿತು. ಹಣ್ಣು ತಿಂದು ಬದುಕುವ ಜೀವಿಗೆ ಆ ಕಿಣ್ವ ಹೋದರೂ ನಷ್ಟ ಗೊತ್ತಾಗುವುದಿಲ್ಲ. ಹಣ್ಣಿನ ಕಾಡು ಬಿಟ್ಟು ಕಾಳಿನ ಹೊಲಕ್ಕೆ ಬಂದ ಮನುಷ್ಯನಿಗೆ ಗೊತ್ತಾಯಿತು.

ಕನ್ನಡ ಕರಾವಳಿಯ ಅಂಚಿನಲ್ಲಿ ಈ ಕಾಯಿಲೆಯ ಒಂದು ಸ್ಪಷ್ಟ ದಾಖಲೆ ಇದೆ. ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಸಿ, 1498ರ ಅಕ್ಟೋಬರ್ 5ರಂದು ಆಫ್ರಿಕದ ಕಡೆಗೆ ಹೊರಟ. ಮಾನ್ಸೂನ್ ಗಾಳಿಯ ಲೆಕ್ಕ ತಪ್ಪಿತ್ತು. ಹೋಗುವಾಗ ಮೂರು ವಾರ ಹಿಡಿದ ಹಾದಿಗೆ ಬರುವಾಗ ಮೂರು ತಿಂಗಳಿಗೆ ಮೂರೇ ದಿನ ಕಡಿಮೆಯಾಯಿತು. 1499ರ ಜನವರಿ 2ರಂದು ನೆಲ ಕಾಣುವಷ್ಟರಲ್ಲಿ ಮೂವತ್ತು ಮಂದಿ ಸತ್ತಿದ್ದರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಉಳಿದಿದ್ದರು. ಮಾಲಿಂದಿಯ ದೊರೆ ಕಿತ್ತಳೆ ಹಣ್ಣು ಕಳಿಸಿಕೊಟ್ಟ. ಕೆಲವರಿಗೆ ಅದೂ ತಡವಾಗಿತ್ತು. ಹಾಯಿ ಎಳೆಯಲು ಕೈಗಳಿಲ್ಲದೆ ಸಾವ್ ರಫಾಯೆಲ್ ಹಡಗನ್ನು ಮುಂದಿನ ಹಾದಿಯಲ್ಲಿ ಸುಟ್ಟುಹಾಕಿದರು. ಮುಂದೆ ಸುಮಾರು ಐದು ಶತಮಾನ ಕಳೆದು ಬಂದ ಪ್ರಯೋಗಗಳ ಬೆಳಕಿನಲ್ಲಿ ನೋಡಿದರೆ ಆ ತೊಂಬತ್ತು ದಿನಗಳು ತಾವೇ ಒಂದು ಅಳತೆ. ತುಂಬಿದ ದೇಹವೂ ಸುಮಾರು ಎರಡು ತಿಂಗಳಿಗೆ ಅಪಾಯದ ಗೆರೆಗೆ ಬರುತ್ತದೆ.

ಬಯಲುಸೀಮೆಯ ಹಳ್ಳಿಗೆ ಸ್ಕರ್ವಿ ಎಂಬ ಹೆಸರು ಹತ್ತಿರದ್ದಾಗಿರಲಿಲ್ಲ. ಮಳೆ ಬಂದ ವರ್ಷ ಇಲ್ಲಿನ ಊಟವೇ ಅದನ್ನು ದೂರವಿಟ್ಟಿತ್ತು. ಜೋಳ, ರಾಗಿ, ನವಣೆ, ಅಕ್ಕಿ ಯಾವುದರಲ್ಲೂ ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಒಣಬೇಳೆಯಲ್ಲೂ ಇಲ್ಲ. ಕಾಯಿಸಿದ ಹಾಲಿನಲ್ಲಿ ನೆಪಕ್ಕಷ್ಟೇ. ಹುಳಿ ಇದ್ದಲ್ಲೆಲ್ಲ ಈ ಸತ್ವವಿದೆ ಎಂಬುದೂ ತಪ್ಪು ನಂಬಿಕೆ. ಸಾರಿಗೆ ಹಾಕುವ ಹುಣಸೆಹಣ್ಣಿನ ಹುಳಿ ಬೇರೆ ಆಮ್ಲದ್ದು, ಅದರಲ್ಲಿ ನೂರು ಗ್ರಾಂಗೆ ಮೂರ್ನಾಲ್ಕು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಕೆಲಸ ಮಾಡುತ್ತಿದ್ದದ್ದು ತಟ್ಟೆಯ ಅಂಚಿನ ಪದಾರ್ಥಗಳು: ರೊಟ್ಟಿಯ ಜೊತೆಗಿನ ಹಸಿಮೆಣಸಿನಕಾಯಿ, ಹಸಿ ಈರುಳ್ಳಿ, ಹೊಲದ ಬದುವಿನ ಅಣ್ಣೆ, ಗೋಣಿ, ಹೊನಗೊನೆ ಸೊಪ್ಪುಗಳು, ಬೇಲಿಯ ಬೋರೆಹಣ್ಣು. ಇವುಗಳಲ್ಲಿ ಯಾವುದನ್ನೂ ಯಾರೂ ಔಷಧವೆಂದು ತಿನ್ನುತ್ತಿರಲಿಲ್ಲ, ಅಳೆದೂ ತಿನ್ನುತ್ತಿರಲಿಲ್ಲ.

ಮಳೆ ಕೈಕೊಟ್ಟರೆ ಮೊದಲು ಕಾಣೆಯಾಗುವುದು ಈ ಅಂಚಿನ ಪದಾರ್ಥಗಳೇ. ಧಾತು ಮತ್ತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ಅಂದರೆ 1876ರಿಂದ 1878ರವರೆಗೆ, ಹಾಗೇ ಆಯಿತು. ಆಗ ದಾವಣಗೆರೆ ಜಿಲ್ಲೆ ಇರಲಿಲ್ಲ. ಅದು ರಚನೆಯಾದದ್ದು 1997ರಲ್ಲಿ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗಿನ ಪೇಟೆ, ಮಲೆನಾಡಿನ ಸರಕಿಗೂ ಬಯಲಿನ ಧಾನ್ಯಕ್ಕೂ ನಡುವಿನ ಸಂತೆ. ಜಗಳೂರು ಚಿತ್ರದುರ್ಗ ಜಿಲ್ಲೆಯ ಒಣ ಮೂಲೆ, ಕಣಕುಪ್ಪೆ ತಾಲ್ಲೂಕಿನ ಕಚೇರಿ ಇದ್ದ ಊರು. ಮೈಸೂರು ಸಂಸ್ಥಾನವೇ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಸತತ ಮಳೆ ತಪ್ಪಿ ಕೆರೆ ಬತ್ತಿ, ದನಗಳು ಸತ್ತು, ಜನ ಗುಳೆ ಹೊರಟರು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹುಟ್ಟಬೇಕಾಗಿದ್ದು ಹುಟ್ಟದವರನ್ನೂ ಸೇರಿಸಿದರೆ ನಷ್ಟ ಇನ್ನೂ ದೊಡ್ಡದು.

ಆ ಕ್ಷಾಮದಲ್ಲಿ ಆಹಾರದ ಬಗ್ಗೆ ನಡೆದ ದೊಡ್ಡ ವಾದ ಧಾನ್ಯದ ತೂಕದ ಸುತ್ತಲೇ ಸುತ್ತಿತು. ನೆರೆಯ ಮದರಾಸು ಪ್ರಾಂತ್ಯದಲ್ಲಿ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅರ್ಧ ಆಣೆ ಸಾಕೆಂದು ನಿಗದಿ ಮಾಡಿದರು. ಪ್ರಾಂತ್ಯದ ಆರೋಗ್ಯ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಷ್, ಅದರಲ್ಲಿ ದುಡಿಯುವ ದೇಹ ನಿಲ್ಲುವುದಿಲ್ಲವೆಂದು ಪ್ರತಿಭಟಿಸಿದರು. ಕೆಲವು ತಿಂಗಳ ಮೇಲೆ ಕೂಲಿಯನ್ನು ಹೆಚ್ಚಿಸಲಾಯಿತು. ಒಂದು ಪೌಂಡೋ ಒಂದೂವರೆ ಪೌಂಡೋ ಎಂಬ ಈ ವಾದದಲ್ಲಿ ಇಬ್ಬರಿಗೂ ತಿಳಿಯುವಂತಿರದ ಒಂದು ಸಂಗತಿ ಇತ್ತು. ಜೋಳವನ್ನು ಎರಡು ಪಟ್ಟು ಕೊಟ್ಟರೂ ಸಿ ಜೀವಸತ್ವದ ಲೆಕ್ಕ ಸೊನ್ನೆಯಲ್ಲೇ ನಿಲ್ಲುತ್ತಿತ್ತು. ಅಂದಿನ ಮರಣದ ಲೆಕ್ಕದ ಪಟ್ಟಿಗಳಲ್ಲಿ ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಕಾಯಿಲೆ ಎಂಬ ಅಂಕಣಗಳಿದ್ದವು. ಸ್ಕರ್ವಿಗೆ ಬೇರೆ ಅಂಕಣವಿರಲಿಲ್ಲ. ಜ್ವರ ಬಂದರೆ ರಕ್ತದಲ್ಲಿನ ಸಿ ಜೀವಸತ್ವ ಬೇಗ ಕುಸಿಯುತ್ತದೆ. ಅದು ಕುಸಿದ ದೇಹದಲ್ಲಿ ಗಾಯ ಮಾಯದು, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಬಡವಾಗುತ್ತವೆ. ಆದ್ದರಿಂದ ಜ್ವರ, ಆಮಶಂಕೆಗಳ ಅಂಕಣದೊಳಗೆ ಈ ಕೊರತೆಯ ಪಾಲೂ ಸೇರಿಹೋಗಿದೆ ಎಂದು ತಿಳಿಯುವುದು ನ್ಯಾಯ. ಅದನ್ನು ಬಿಡಿಸಿ ತೆಗೆಯುವ ದಾರಿ ಈಗ ಉಳಿದಿಲ್ಲ.

ಭಾರತದ ಜನರಲ್ಲಿ ಸ್ಕರ್ವಿ ತನ್ನ ಹೆಸರಿನಲ್ಲೇ ಸರ್ಕಾರಿ ಕಡತ ಸೇರಿದ್ದು ಹೆಚ್ಚಾಗಿ ಸೈನ್ಯದಿಂದ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ಕುತ್ ಪಟ್ಟಣ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆಗೆ ಸಿಕ್ಕಿತು. ಕುದುರೆ ಮಾಂಸ ತಿನ್ನಲೊಪ್ಪದ ಭಾರತೀಯ ಸಿಪಾಯಿಗಳು ಹಿಟ್ಟು, ಬೇಳೆಯ ಮೇಲೆ ಉಳಿದರು. ಸ್ಕರ್ವಿ ಅವರಲ್ಲಿ ಹಬ್ಬಿತು. ಆ ರಣರಂಗದಲ್ಲಿ ಸ್ಕರ್ವಿಯಿಂದ ಮಲಗಿದ ಭಾರತೀಯರು ಸಾವಿರಾರು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು: ಸಿಪಾಯಿಯ ಪಡಿತರದಲ್ಲಿದ್ದ ಕಾಳನ್ನೇ ನೆನೆಹಾಕಿ ಮೊಳಕೆ ಬರಿಸುವುದು. ಒಣಕಾಳಿನಲ್ಲಿಲ್ಲದ ಸತ್ವವನ್ನು ಮೊಳೆಯುವ ಕಾಳು ಒಂದೆರಡು ದಿನಗಳಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಹೆಸರುಕಾಳು, ಹುರುಳಿಕಾಳು ಮೊಳಕೆ ಕಟ್ಟುವ ಕನ್ನಡದ ಅಡುಗೆಮನೆಗಳು ಇದನ್ನು ಎಷ್ಟೋ ಕಾಲದಿಂದ ಮಾಡುತ್ತಿದ್ದವು, ರುಚಿಗಾಗಿ.

ಸ್ಕರ್ವಿ ತಡೆಯುವ ವಸ್ತುವಿನ ಪತ್ತೆ ಇಪ್ಪತ್ತನೆಯ ಶತಮಾನದ ಮೊದಲ ಮೂವತ್ತಮೂರು ವರ್ಷಗಳಲ್ಲಿ ಮುಗಿಯಿತು. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ 1907ರಲ್ಲಿ ಗಿನಿ ಇಲಿಗಳಿಗೆ ಬರೀ ಧಾನ್ಯ ತಿನ್ನಿಸಿ ಸ್ಕರ್ವಿ ಬರಿಸಿದರು. ಬೇರೆ ಇಲಿಯನ್ನು ಆರಿಸಿದ್ದರೆ ಏನೂ ಆಗುತ್ತಿರಲಿಲ್ಲ, ಆಯ್ಕೆ ಅದೃಷ್ಟದ್ದು. ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1928ರಲ್ಲಿ ಹರಳು ರೂಪದ ಒಂದು ಆಮ್ಲವನ್ನು ಬೇರ್ಪಡಿಸಿದರು; ಅದೇ ಸಿ ಜೀವಸತ್ವವೆಂದು 1932ರಲ್ಲಿ ಅವರ ಪ್ರಯೋಗಾಲಯವೂ ಅಮೆರಿಕದ ಚಾರ್ಲ್ಸ್ ಗ್ಲೆನ್ ಕಿಂಗ್ ತಂಡವೂ ತೋರಿಸಿದವು. ಮರುವರ್ಷ ಅದರ ರಚನೆ ತಿಳಿಯಿತು, ಕೃತಕ ತಯಾರಿಕೆಯೂ ಆಯಿತು. 1937ರಲ್ಲಿ ಸೆಂಟ್-ಗ್ಯೋರ್ಗಿ ಅವರಿಗೂ ರಚನೆ ಬಿಡಿಸಿದ ನಾರ್ಮನ್ ಹಾವರ್ತ್ ಅವರಿಗೂ ನೊಬೆಲ್ ಬಂತು.

ಅಲ್ಲಿಂದ ಮುಂದೆ ಪ್ರಶ್ನೆ ಬದಲಾಯಿತು: ತಿಂದದ್ದು ಎಲ್ಲಿಗೆ ಹೋಗುತ್ತದೆ? ಇದಕ್ಕೆ ಮೊದಲ ಕಿಟಕಿ ತೆರೆದದ್ದು ಮೂತ್ರ. ಸಿ ಜೀವಸತ್ವ ಮುಟ್ಟಿದರೆ ಬಣ್ಣ ಕಳೆದುಕೊಳ್ಳುವ ಒಂದು ನೀಲಿ ಬಣ್ಣದ್ರಾವಣ ರಸಾಯನಶಾಸ್ತ್ರಜ್ಞರ ಕೈಯಲ್ಲಿತ್ತು. ಕೇಂಬ್ರಿಜ್‌ನಲ್ಲಿ ಲೆಸ್ಲಿ ಹ್ಯಾರಿಸ್ ಮತ್ತು ಭಾರತದಿಂದ ಹೋಗಿದ್ದ ಎಸ್. ಎನ್. ರೇ 1930ರ ದಶಕದ ನಡುವಿನಲ್ಲಿ ಅದರಿಂದ ಮೂತ್ರದ ಪರೀಕ್ಷೆಯೊಂದನ್ನು ರೂಪಿಸಿದರು. ದೊಡ್ಡ ಪ್ರಮಾಣದ ಜೀವಸತ್ವ ಕೊಟ್ಟು, ಎಷ್ಟು ಹೊರಬಂತೆಂದು ಅಳೆಯುವುದು ಅದರ ಕ್ರಮ. ತುಂಬಿದ ದೇಹ ಕೊಟ್ಟದ್ದರಲ್ಲಿ ಬಹುಪಾಲನ್ನು ಅಂದೇ ಹೊರಹಾಕುತ್ತದೆ. ಬರಿದಾದ ದೇಹ ಹನಿಯನ್ನೂ ಬಿಡದೆ ಹಿಡಿದುಕೊಳ್ಳುತ್ತದೆ, ದಿನಗಟ್ಟಲೆ ಕೊಟ್ಟ ಮೇಲಷ್ಟೇ ಮೂತ್ರದಲ್ಲಿ ಬಿಡಲು ಆರಂಭಿಸುತ್ತದೆ. ಕಾಯಿಲೆ ಬೀಳುವ ಮೊದಲೇ ಕೊರತೆಯನ್ನು ಗುರುತಿಸುವ ದಾರಿ ಹೀಗೆ ಸಿಕ್ಕಿತು. ವಿಸರ್ಜನೆ ಎಂದರೆ ಬರೀ ವ್ಯರ್ಥವಲ್ಲ, ದೇಹದೊಳಗಿನ ದಾಸ್ತಾನಿನ ಲೆಕ್ಕಪತ್ರವೂ ಹೌದು ಎಂಬ ತಿಳಿವಳಿಕೆ ಇಲ್ಲಿಂದ ಬೇರೂರಿತು.

ದಕ್ಷಿಣ ಭಾರತದಲ್ಲಿ ಆಹಾರ ಪದಾರ್ಥಗಳನ್ನು ಅಳೆಯುವ ಕೆಲಸವೂ ಇದೇ ಹೊತ್ತಿಗೆ ನಡೆಯಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಕಟ್ಟಿದ ಪೋಷಣಾ ಪ್ರಯೋಗಾಲಯವನ್ನು 1935ರಿಂದ ವ್ಯಾಲೇಸ್ ಐಕ್ರಾಯ್ಡ್ ನಡೆಸಿದರು. ಭಾರತೀಯ ಆಹಾರಗಳ ಸತ್ವದ ಪಟ್ಟಿ ಅಲ್ಲಿಂದ 1937ರಲ್ಲಿ ಹೊರಬಂತು. ಅದಕ್ಕೂ ಮೊದಲು, ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಹೊಸದಾಗಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ಮದರಾಸಿನ ದಾಮೋದರನ್ ಮತ್ತು ಶ್ರೀನಿವಾಸನ್ 1935ರಲ್ಲಿ ಬೆಟ್ಟದ ನೆಲ್ಲಿಕಾಯಿಯ ಸಿ ಜೀವಸತ್ವವನ್ನು ಅಳೆದು ಪ್ರಕಟಿಸಿದ್ದರು. ನೆಲ್ಲಿಯ ವಿಶೇಷ ಮೊತ್ತದಲ್ಲಿ ಮಾತ್ರ ಇಲ್ಲ. ಅದರ ಒಗರಿನ ಟ್ಯಾನಿನ್‌ಗಳು ಜೀವಸತ್ವ ಕೆಡುವುದನ್ನು ತಡೆಯುವುದರಿಂದ, ಒಣಗಿಸಿ ಪುಡಿ ಮಾಡಿದರೂ ಒಂದು ದೊಡ್ಡ ಪಾಲು ಉಳಿಯುತ್ತದೆ. 1939-40ರಲ್ಲಿ ಪಂಜಾಬಿನ ಹಿಸಾರ್ ಸೀಮೆಯಲ್ಲಿ ಬರ ಬಿದ್ದು ಸ್ಕರ್ವಿ ಹಬ್ಬಿದಾಗ ನೆಲ್ಲಿಯನ್ನೇ ಕೊಟ್ಟು ಗುಣಪಡಿಸಿದರು. ಅರವತ್ತು ವರ್ಷಗಳ ಹಿಂದಿನ ಕ್ಷಾಮದಲ್ಲಿ ಅಂಕಣವೇ ಇಲ್ಲದಿದ್ದ ಕಾಯಿಲೆ ಈಗ ಹೆಸರಿನಿಂದ ಗುರುತಾಗಿ, ಹೆಸರಿನಿಂದ ವಾಸಿಯಾಯಿತು.

ದೇಹದೊಳಗಿನ ಕಾಲಮಾನವನ್ನು ತಿಳಿಯಲು ಮನುಷ್ಯರೇ ಹಸಿದು ನೋಡಬೇಕಾಯಿತು. ಬಾಸ್ಟನ್ನಿನ ಯುವ ಶಸ್ತ್ರವೈದ್ಯ ಜಾನ್ ಕ್ರ್ಯಾಂಡನ್ 1939ರಲ್ಲಿ ತನ್ನ ಊಟದಿಂದ ಹಣ್ಣು ತರಕಾರಿಗಳನ್ನು ಆರು ತಿಂಗಳು ತೆಗೆದುಹಾಕಿದ. ನಲವತ್ತೊಂದನೆಯ ದಿನಕ್ಕೆ ರಕ್ತರಸದಲ್ಲಿ ಜೀವಸತ್ವ ಸೊನ್ನೆಯಾಯಿತು, ಆದರೆ ಕಾಯಿಲೆ ಕಾಣಲಿಲ್ಲ. ಮೂರು ತಿಂಗಳಾದಾಗ ಬೆನ್ನಿನ ಮೇಲೆ ಬೇಕೆಂದೇ ಮಾಡಿಸಿಕೊಂಡ ಗಾಯ ಎಂದಿನಂತೆ ಮಾಯಿತು. ಆರು ತಿಂಗಳಾದಾಗ ಮಾಡಿದ್ದು ಕೂಡಿಕೊಳ್ಳಲಿಲ್ಲ. ರಕ್ತರಸ ಬರಿದಾದರೂ ಅಂಗಾಂಗಗಳ ಜೀವಕೋಶಗಳು ತಮ್ಮ ಪಾಲನ್ನು ಬಹುಕಾಲ ಬಿಗಿಹಿಡಿಯುತ್ತವೆ ಎಂಬುದು ಇದರಿಂದ ಹೊರಬಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಯುದ್ಧಕ್ಕೆ ಹೋಗಲೊಪ್ಪದ ಇಪ್ಪತ್ತು ಮಂದಿ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗ ಇನ್ನೊಂದು ತುದಿಯನ್ನು ಅಳೆಯಿತು. ದಿನಕ್ಕೆ ಬರೀ 10 ಮಿಲಿಗ್ರಾಂ ಸ್ಕರ್ವಿಯನ್ನು ತಡೆಯುತ್ತದೆ, ವಾಸಿಯೂ ಮಾಡುತ್ತದೆ. ಒಂದು ಹಸಿಮೆಣಸಿನಕಾಯಿಯ ಆಸುಪಾಸಿನ ಲೆಕ್ಕ ಇದು.

ಅಮೆರಿಕದ ಐಯೋವಾದಲ್ಲಿ ರಾಬರ್ಟ್ ಹಾಜಸ್, ಯೂಜೀನ್ ಬೇಕರ್ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ಸೆರೆಮನೆಯ ಕೈದಿಗಳಿಗೆ ವಿಕಿರಣ ಗುರುತು ಹಚ್ಚಿದ ಜೀವಸತ್ವ ಕೊಟ್ಟು ಅದರ ಜಾಡು ಹಿಡಿದರು. 1,500 ಮಿಲಿಗ್ರಾಂ ದಾಸ್ತಾನು, ದಿನಕ್ಕೆ ಶೇಕಡ 3ರ ಕರಗುವಿಕೆ, 300ರ ಅಪಾಯದ ಗೆರೆ, ಎಲ್ಲವೂ ಈ ಕೆಲಸದ ಫಲ. ಕೈದಿಗಳು ಒಪ್ಪಿ ಬಂದವರೇ. ಸೆರೆಮನೆಯೊಳಗಿನ ಒಪ್ಪಿಗೆ ಎಷ್ಟು ಸ್ವತಂತ್ರವಾದುದು ಎಂಬ ಪ್ರಶ್ನೆ ಮುಂದಿನ ದಶಕದಲ್ಲಿ ಎದ್ದು, ಅಂಥ ಪ್ರಯೋಗಗಳಿಗೆ ಕಡಿವಾಣ ಬಿತ್ತು. ಇಂದಿನ ಪಠ್ಯಪುಸ್ತಕಗಳು ಈ ಅಂಕಿಗಳನ್ನು ಮುದ್ರಿಸುವಾಗ ಅವು ಎಲ್ಲಿಂದ ಬಂದವೆಂದು ಹೇಳುವುದು ಅಪರೂಪ.

ಹೀರಿಕೆ ಮತ್ತು ವಿಸರ್ಜನೆಯ ಪೂರ್ಣ ನಕ್ಷೆ ಸಿಕ್ಕಿದ್ದು 1996ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಕ್ ಲೆವಿನ್ ಏಳು ಆರೋಗ್ಯವಂತ ಯುವಕರನ್ನು ನಾಲ್ಕರಿಂದ ಆರು ತಿಂಗಳು ಆಸ್ಪತ್ರೆಯಲ್ಲೇ ಇರಿಸಿ, ಮೊದಲು ದಾಸ್ತಾನನ್ನು ಬರಿದು ಮಾಡಿ, ಆಮೇಲೆ ದಿನಕ್ಕೆ 30 ಮಿಲಿಗ್ರಾಂನಿಂದ 2,500 ಮಿಲಿಗ್ರಾಂವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. 30ರಿಂದ 100ರ ನಡುವೆ ರಕ್ತದ ಮಟ್ಟ ಕಡಿದಾಗಿ ಏರಿತು. ದಿನಕ್ಕೆ 100 ಮಿಲಿಗ್ರಾಂಗೆ ಬಿಳಿ ರಕ್ತಕಣಗಳು ತುಂಬಿದವು, ಅದರ ಮೇಲೆ ಎಷ್ಟು ಕೊಟ್ಟರೂ ಅವು ಹಿಡಿಸಿಕೊಳ್ಳಲಿಲ್ಲ. ಏಳರಲ್ಲಿ ಆರು ಮಂದಿಯ ಮೂತ್ರದಲ್ಲಿ ಜೀವಸತ್ವ ಮೊದಲು ಕಾಣಿಸಿಕೊಂಡದ್ದೂ 100ರ ಮಟ್ಟದಲ್ಲೇ. ಒಮ್ಮೆಗೆ 200 ಮಿಲಿಗ್ರಾಂ ಕೊಟ್ಟರೆ ಕರುಳು ಅದನ್ನು ಪೂರ್ತಿ ಹೀರಿಕೊಂಡಿತು. 500 ಮತ್ತು ಅದಕ್ಕಿಂತ ಹೆಚ್ಚಾದರೆ ಹೀರಿಕೆಯ ಪ್ರಮಾಣ ಇಳಿಯಿತು, ಹೀರಿದ್ದೂ ಮೂತ್ರಕ್ಕೆ ಹೋಯಿತು. ಅಂಕಿಗಳು ಎಲ್ಲ ದೇಹಕ್ಕೂ ಹೀಗೇ ಇರಲಾರವು. ಮುಂದೆ ಹೆಂಗಸರ ಮೇಲೆ ನಡೆದ ಇಂಥದೇ ಅಧ್ಯಯನದಲ್ಲೂ ಏರಿಳಿತದ ಆಕಾರ ಮಾತ್ರ ಇದೇ ಬಂತು.

ಈ ಆಕಾರದ ಹಿಂದಿನ ಯಂತ್ರ 1999ರಲ್ಲಿ ಗುರುತಾಯಿತು. ಸಣ್ಣ ಕರುಳಿನ ಗೋಡೆಯ ಜೀವಕೋಶಗಳಲ್ಲಿ ಸಿ ಜೀವಸತ್ವವನ್ನೇ ಆರಿಸಿ ಒಳಕ್ಕೆ ದಾಟಿಸುವ ಸಾಗಣೆ ಪ್ರೋಟೀನು ಇದೆ. ಸೋಡಿಯಂ ಒಳನುಗ್ಗುವ ಬಲವನ್ನು ಬಳಸಿಕೊಂಡು ಅದು ಜೀವಸತ್ವವನ್ನೂ ಎಳೆದುಕೊಳ್ಳುತ್ತದೆ. ಇಂಥ ಪ್ರೋಟೀನುಗಳ ಸಂಖ್ಯೆಗೆ ಮಿತಿಯಿದೆ. ಸಂತೆಯ ದಿನ ಹೊನ್ನಾಳಿಯಲ್ಲಿ ಹೊಳೆ ದಾಟಿಸುತ್ತಿದ್ದ ದೋಣಿಗಳ ಹಾಗೆ, ದಡದಲ್ಲಿ ಜನ ಎಷ್ಟೇ ನೆರೆದರೂ ಒಂದು ಹೊತ್ತಿಗೆ ದಾಟುವವರು ಇಷ್ಟೇ. ಕರುಳಿನ ಕೋಶದೊಳಗೆ ಜೀವಸತ್ವ ಹೆಚ್ಚಾದಂತೆ ಈ ಪ್ರೋಟೀನುಗಳ ತಯಾರಿಕೆಯೂ ಕುಗ್ಗುತ್ತದೆ. ಹೀಗಾಗಿ ಊಟದಲ್ಲಿ ಬರುವ 30ರಿಂದ 180 ಮಿಲಿಗ್ರಾಂನಲ್ಲಿ ಶೇಕಡ 70ರಿಂದ 90 ಒಳಹೋದರೆ, ಒಂದು ಗ್ರಾಂ ಮೀರಿದ ಮಾತ್ರೆಯಲ್ಲಿ ಅರ್ಧವೂ ಹೋಗುವುದಿಲ್ಲ. ಹೀರದೆ ಉಳಿದದ್ದು ದೊಡ್ಡ ಕರುಳಿಗಿಳಿದು ನೀರು ಸೆಳೆದು ಭೇದಿ ಮಾಡಿಸುತ್ತದೆ. ಆಕ್ಸಿಜನ್ನಿನೊಡನೆ ವರ್ತಿಸಿ ರೂಪ ಬದಲಿಸಿದ ಜೀವಸತ್ವಕ್ಕೆ ಬೇರೆ ಬಾಗಿಲು: ಅದು ಗ್ಲೂಕೋಸಿನ ಸಾಗಣೆದಾರರ ಜೊತೆ ಒಳಬಂದು, ಕೋಶದೊಳಗೆ ಮತ್ತೆ ಮೊದಲಿನ ರೂಪಕ್ಕೆ ತಿರುಗುತ್ತದೆ.

ರಕ್ತಕ್ಕೆ ಬಂದದ್ದನ್ನು ಇದೇ ಕುಲದ ಎರಡನೆಯ ಪ್ರೋಟೀನು ಅಂಗಗಳಿಗೆ ಹಂಚುತ್ತದೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ, ಮೆದುಳು, ಕಣ್ಣು, ಬಿಳಿ ರಕ್ತಕಣ ಇವು ರಕ್ತರಸದ ಹತ್ತಾರು ಪಟ್ಟು ಸಾಂದ್ರತೆಯಲ್ಲಿ ಅದನ್ನು ಇಟ್ಟುಕೊಳ್ಳುತ್ತವೆ. ಮಾಂಸಖಂಡಗಳಲ್ಲಿ ಸಾಂದ್ರತೆ ಕಡಿಮೆಯಾದರೂ ಗಾತ್ರ ದೊಡ್ಡದಾದ್ದರಿಂದ ಒಟ್ಟು ದಾಸ್ತಾನಿನ ಹೆಚ್ಚು ಪಾಲು ಅಲ್ಲೇ.

ಹೊರಹೋಗುವ ದಾರಿಯನ್ನು ಕಾಯುವುದು ಮೂತ್ರಪಿಂಡ. ರಕ್ತದಲ್ಲಿ ಕರಗಿರುವ ಸಿ ಜೀವಸತ್ವವೆಲ್ಲ ಅಲ್ಲಿ ಸೋಸಿ ಸೂಕ್ಷ್ಮನಾಳಗಳಿಗೆ ಇಳಿಯುತ್ತದೆ. ನಾಳದ ಆರಂಭದ ಭಾಗದಲ್ಲಿ, ಕರುಳಿನಲ್ಲಿದ್ದ ಅದೇ ಮೊದಲ ಪ್ರೋಟೀನು ಅದನ್ನು ಮತ್ತೆ ರಕ್ತಕ್ಕೆ ಎತ್ತಿಕೊಳ್ಳುತ್ತದೆ. ರಕ್ತರಸದ ನೂರು ಮಿಲಿಲೀಟರಿಗೆ ಸುಮಾರು 1.2ರಿಂದ 1.4 ಮಿಲಿಗ್ರಾಂ ಆಗುವವರೆಗೆ ಎತ್ತುವ ಕೆಲಸ ಸೋಸುವ ಕೆಲಸಕ್ಕೆ ಸರಿಗಟ್ಟುತ್ತದೆ. ಆ ಮಟ್ಟ ದಾಟಿದರೆ ಹೆಚ್ಚುವರಿ ಮೂತ್ರದಲ್ಲಿ ಹರಿದುಹೋಗುತ್ತದೆ, ಕೆಲವೇ ಗಂಟೆಗಳಲ್ಲಿ. ಕೊರತೆಯ ದಿನಗಳಲ್ಲಿ ಅದೇ ಮೂತ್ರಪಿಂಡ ಏನನ್ನೂ ಬಿಡುವುದಿಲ್ಲ. ಆಗ ದಾಸ್ತಾನು ಕರಗುವುದು ಬಳಕೆಯಿಂದ ಮಾತ್ರ, ಅರ್ಧಕ್ಕಿಳಿಯಲು ವಾರಗಳೇ ಬೇಕು. ಗಂಟೆಗಳಲ್ಲಿ ಖಾಲಿಯಾಗುವ ಮತ್ತು ವಾರಗಳಲ್ಲಿ ಖಾಲಿಯಾಗುವ ವಸ್ತು ಒಂದೇ ಎಂಬುದು ಹಳೆಯ ಸಂಶೋಧಕರನ್ನು ಬಹಳ ಗೊಂದಲಕ್ಕೆ ನೂಕಿತ್ತು. ಬಳಕೆಯಾಗಿ ಒಡೆದ ಪಾಲಿನಲ್ಲಿ ಸ್ವಲ್ಪ ಆಕ್ಸಲೇಟ್ ಆಗಿ ಮೂತ್ರ ಸೇರುತ್ತದೆ. ದೊಡ್ಡ ಮಾತ್ರೆಗಳನ್ನು ರೂಢಿಯಾಗಿ ನುಂಗುವ ಗಂಡಸರಲ್ಲಿ ಮೂತ್ರಪಿಂಡದ ಕಲ್ಲು ಸುಮಾರು ಎರಡು ಪಟ್ಟು ಹೆಚ್ಚೆಂದು 2013ರ ಒಂದು ಸ್ವೀಡಿಷ್ ಅಧ್ಯಯನ ಹೇಳಿತು. ಬೇಸಿಗೆಯಲ್ಲಿ ಬೆವರಿ, ನೀರು ಕಡಿಮೆ ಕುಡಿದು ಮೂತ್ರ ಗಟ್ಟಿಯಾಗುವ ಒಣ ಸೀಮೆಯವರು ಇದನ್ನು ಗಮನಿಸಬೇಕು. 1970ರಲ್ಲಿ ಲೈನಸ್ ಪಾಲಿಂಗ್ ನೆಗಡಿಗೆ ಗ್ರಾಂಗಟ್ಟಲೆ ಸಿ ಜೀವಸತ್ವ ತಿನ್ನಿರೆಂದು ಹೇಳಿದ ಮೇಲೆ ಜಗತ್ತಿನಾದ್ಯಂತ ಮಾರಾಟವಾದ ಮಾತ್ರೆಗಳಲ್ಲಿ ಬಹುಪಾಲು ಚರಂಡಿ ಸೇರಿದೆ ಎಂದರೆ ಅದು ವ್ಯಂಗ್ಯವಲ್ಲ, ಲೆಕ್ಕ.

ಭಾರತದಲ್ಲಿ ಅಗತ್ಯದ ಪ್ರಮಾಣವನ್ನು ಭಾರತೀಯ ದೇಹಗಳಲ್ಲೇ ಅಳೆಯುವ ಯತ್ನ ಹೈದರಾಬಾದಿಗೆ ವರ್ಗವಾದ ಪೋಷಣಾ ಸಂಸ್ಥೆಯಲ್ಲಿ ನಡೆಯಿತು. ಎಸ್. ಜಿ. ಶ್ರೀಕಂಠಯ್ಯ ಮತ್ತು ಸಂಗಡಿಗರು 1970ರಲ್ಲಿ ಈ ವಿಷಯದ ಪ್ರಬಂಧ ಪ್ರಕಟಿಸಿದರು. ಮುಂದೆ ಅವರು ಆ ಸಂಸ್ಥೆಯ ನಿರ್ದೇಶಕರಾದರು. ಬಹುಕಾಲ ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಎಂದಿದ್ದ ಶಿಫಾರಸು 2020ರಲ್ಲಿ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂಗೆ ಏರಿತು. ಸ್ಕರ್ವಿ ತಡೆಯಲು 10 ಸಾಕಾಗಿದ್ದರೂ ಜೀವಕೋಶ ತುಂಬಲು ಹೆಚ್ಚು ಬೇಕೆಂಬ ಅರಿವೇ ಇದಕ್ಕೆ ಹಿನ್ನೆಲೆ. ಆಹಾರದ ಪಟ್ಟಿಯೂ ಬದಲಾಗಿದೆ. ಹಳೆಯ ಪಟ್ಟಿಯಲ್ಲಿ ನೂರು ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ಎಂದಿದ್ದದ್ದು 2017ರ ಹೊಸ ಅಳತೆಯಲ್ಲಿ 250ರ ಆಸುಪಾಸಿಗೆ ಬಂತು. ಸೀಬೆಹಣ್ಣು 200ಕ್ಕಿಂತ ಮೇಲೆಯೇ ನಿಂತು ನೆಲ್ಲಿಯ ಹತ್ತಿರಕ್ಕೆ ಬಂದಿತು.

ಕೊರತೆ ಹೋಗಿದೆ ಎನ್ನುವಂತಿಲ್ಲ. 2011ರಲ್ಲಿ ಪ್ರಕಟವಾದ, ಅರವತ್ತು ದಾಟಿದವರ ರಕ್ತ ಪರೀಕ್ಷಿಸಿದ ಅಧ್ಯಯನದಲ್ಲಿ ಉತ್ತರ ಭಾರತದ ಕೇಂದ್ರದಲ್ಲಿ ಶೇಕಡ 74, ದಕ್ಷಿಣದ ಕೇಂದ್ರದಲ್ಲಿ ಶೇಕಡ 46 ಮಂದಿಗೆ ಸಿ ಜೀವಸತ್ವ ಕೊರತೆಯ ಮಟ್ಟದಲ್ಲಿತ್ತು. ಬಡತನ, ತಂಬಾಕು, ಸೌದೆ ಒಲೆಯ ಹೊಗೆ ಇವು ಅದರ ಜೊತೆಗೆ ಕಂಡ ಕಾರಣಗಳು. ಹೊಗೆ ಮತ್ತು ತಂಬಾಕು ದೇಹದೊಳಗಿನ ಜೀವಸತ್ವವನ್ನು ಬೇಗ ಸುಡುತ್ತವೆ. ಎಲೆಅಡಿಕೆಯ ಜೊತೆ ತಂಬಾಕು ಹಾಕಿಕೊಳ್ಳುವ ರೂಢಿಯುಳ್ಳ ಅಡಿಕೆ ಸೀಮೆಗೆ, ಅದರಲ್ಲೂ ಚನ್ನಗಿರಿಗೆ, ಈ ಸಾಲು ಹತ್ತಿರದ್ದು.

ನಾಲ್ಕು ತಾಲ್ಲೂಕುಗಳ ಊಟ ಇಂದು ಒಂದೇ ಅಲ್ಲ. ಭದ್ರಾ ನಾಲೆ ಬಂದ ಮೇಲೆ ಚನ್ನಗಿರಿ, ಹೊನ್ನಾಳಿ ಕಡೆ ಭತ್ತ, ಅಡಿಕೆ ಹಬ್ಬಿದವು. ಜಗಳೂರು ಮಳೆಯನ್ನೇ ನಂಬಿದ ಮೆಕ್ಕೆಜೋಳ, ಶೇಂಗಾದ ಸೀಮೆಯಾಗಿ ಉಳಿಯಿತು. ನೀರು ಬಂದ ಕಡೆ ಹೊಲದ ಬದುವಿನ ಸೊಪ್ಪು ಕಳೆನಾಶಕಕ್ಕೆ ಸಿಕ್ಕಿ ಹೋಗಿದೆ. ನೀರು ಬಾರದ ಕಡೆ ಬೇಸಿಗೆಯಲ್ಲಿ ಸೊಪ್ಪೇ ದುಬಾರಿ. ಅಡುಗೆಯ ಕ್ರಮವೂ ಲೆಕ್ಕ ಬದಲಿಸುತ್ತದೆ. ಸಿ ಜೀವಸತ್ವ ನೀರಿಗಿಳಿಯುತ್ತದೆ, ಬಿಸಿಗೆ ಕೆಡುತ್ತದೆ, ಸೋಡಾಪುಡಿ ಬಿದ್ದರೆ ಇನ್ನೂ ಬೇಗ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರು ಮಾಡುವ ಬಸ್ಸಾರಿನಲ್ಲಿ ನೀರಿಗಿಳಿದದ್ದರ ಒಂದು ಪಾಲಾದರೂ ಊಟಕ್ಕೆ ಬರುತ್ತದೆ. ದಾವಣಗೆರೆ ಸೀಮೆಯ ಮಂಡಕ್ಕಿ ಮೆಣಸಿನಕಾಯಿಯಲ್ಲಿ ಎಣ್ಣೆಗೆ ಬಿದ್ದ ಮೆಣಸಿನಕಾಯಿಗಿಂತ ಮಂಡಕ್ಕಿಗೆ ಕಲಸಿದ ಹಸಿ ಈರುಳ್ಳಿ, ಹಿಂಡಿದ ನಿಂಬೆರಸವೇ ಈ ಲೆಕ್ಕಕ್ಕೆ ಹೆಚ್ಚು ಸಲ್ಲುತ್ತದೆ. ಚಿತ್ರಾನ್ನಕ್ಕೆ ಒಲೆಯಿಂದಿಳಿಸಿದ ಮೇಲೆ ನಿಂಬೆ ಹಿಂಡುವುದು ಕಹಿಯಾಗದಿರಲೆಂದು. ಜೀವಸತ್ವವೂ ಅದರಿಂದ ಉಳಿಯುತ್ತದೆ. ರಾಗಿ, ಜೋಳಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವವಿದ್ದರೆ ಕಬ್ಬಿಣ ಹೀರಬಲ್ಲ ರೂಪಕ್ಕೆ ತಿರುಗುತ್ತದೆ. ಆದ್ದರಿಂದ ಮುದ್ದೆ ಅಥವಾ ರೊಟ್ಟಿಯ ತಟ್ಟೆಯಲ್ಲೇ ನಿಂಬೆಯೋ ಹಸಿ ತರಕಾರಿಯೋ ಇದ್ದಾಗ ಸಿಗುವ ಲಾಭ, ಬೇರೆ ಹೊತ್ತಿನಲ್ಲಿ ತಿಂದ ಮಾತ್ರೆಯಿಂದ ಸಿಗದು.

ವರ್ಷದಲ್ಲಿ ತೂಕ ತಪ್ಪುವ ಕಾಲ ಜಗಳೂರಿನಂಥ ಕಡೆ ಮಾರ್ಚಿನಿಂದ ಜೂನಿನವರೆಗೆ. ಬೆಟ್ಟದ ನೆಲ್ಲಿ ಚಳಿಗಾಲಕ್ಕೇ ಮುಗಿದಿರುತ್ತದೆ, ಬೋರೆಯೂ ಮುಗಿದಿರುತ್ತದೆ, ಕಾಲುವೆಯಿಲ್ಲದ ಹಿತ್ತಲಲ್ಲಿ ಸೊಪ್ಪು ಬಾಡುತ್ತದೆ. ಅವಧಿ ಸುಮಾರು ನೂರು ದಿನ, ಅಂದರೆ ದೇಹದ ದಾಸ್ತಾನು ತಾಳುವುದಕ್ಕಿಂತ ಹೆಚ್ಚು. ಆ ತಿಂಗಳುಗಳಲ್ಲೂ ಎಲೆ ಉಳಿಸಿಕೊಳ್ಳುವ ಮರಗಳಲ್ಲಿ ನುಗ್ಗೆ ಒಂದು. ಹೊಸ ಅಳತೆಯ ಪ್ರಕಾರ ನೂರು ಗ್ರಾಂ ನುಗ್ಗೆಸೊಪ್ಪಿನಲ್ಲಿ ನೂರಕ್ಕೂ ಮೇಲ್ಪಟ್ಟು ಮಿಲಿಗ್ರಾಂ ಇದೆ. ಬೇಯುವಾಗ ಅರ್ಧಕ್ಕಿಂತ ಹೆಚ್ಚು ಹೋದರೂ ಶೆಫೀಲ್ಡ್‌ನ 10 ಮಿಲಿಗ್ರಾಂ ಗೆರೆಗಿಂತ ಅದು ಬಹಳ ಮೇಲೆ.